ಸರ್ಪಗಂಧಿಯ ಬೇರು

ಹಂಪೆಯಲ್ಲಿ ವಿಜಯನಗರದ ಅರಸುತನವು ಬೇರೂರುತ್ತಿದ್ದ ಕಾಲದಲ್ಲಿ, ಸುಮಾರು 1360ರ ಹೊತ್ತಿಗೆ, ಮಂಗರಾಜನೆಂಬ ಜೈನಕವಿಯು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಕಂಪ್ಲಿಯ ಗದ್ದೆಗಳಲ್ಲಿಯೂ ಸಂಡೂರಿನ ಗುಡ್ಡಗಳಲ್ಲಿಯೂ ದುಡಿಯುವ ಜನಕ್ಕೆ ಹಾವಿನ ಭಯವು ಹೊಸತಲ್ಲ. ಅಂಥ ನಾಡಿನಲ್ಲಿ ವಿಷವೈದ್ಯಕ್ಕೆ ಎಷ್ಟು ಬೆಲೆಯಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಂದು ಅದೇ ಊರುಗಳ ಮನೆಮನೆಗಳಲ್ಲಿ ಇನ್ನೊಂದು ಭಯವು ಸೇರಿಕೊಂಡಿದೆ. ಅದು ಹೆಚ್ಚಿದ ರಕ್ತದೊತ್ತಡ. ಹಾವಾದರೂ ಬುಸುಗುಟ್ಟೀತು, ಈ ವ್ಯಾಧಿಗೆ ಸದ್ದಿಲ್ಲ, ನೋವೂ ಇಲ್ಲ. ಇವೆರಡರ ಚರಿತ್ರೆಯೂ ಒಂದು ಬೇರಿನಲ್ಲಿ ಕೂಡಿಕೊಂಡಿರುವುದು ವಿಚಿತ್ರವಾದರೂ ನಿಜ.

ಆ ಬೇರು ಸರ್ಪಗಂಧಿಯದು. ಹಾವು ಕಡಿದವರಿಗೂ, ನಿದ್ರೆಗೆಟ್ಟವರಿಗೂ, ಬುದ್ಧಿವಿಕಲರಿಗೂ ಇದನ್ನು ಕೊಡುವ ವಾಡಿಕೆ ಭಾರತದಲ್ಲಿ ಬಹುಕಾಲದಿಂದ ಇದ್ದಿತು. ಬಿಹಾರದಲ್ಲಿ ಇದಕ್ಕೆ ಹುಚ್ಚಿನ ಮದ್ದೆಂದೇ ಹೆಸರು. ಆದರೆ ರಕ್ತದೊತ್ತಡಕ್ಕೆ ಇದು ಮದ್ದೆಂದು ಹಿಂದಿನವರು ಹೇಳುವಂತಿರಲಿಲ್ಲ. ಏಕೆಂದರೆ ಆ ಒತ್ತಡವನ್ನು ಅಳೆಯುವ ಸಾಧನವೇ ಅವರಲ್ಲಿರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಯಂತ್ರವನ್ನು ಇಟಲಿಯ ರೀವಾ-ರೋಚಿ 1896ರಲ್ಲಿ ಪ್ರಕಟಿಸಿದನು. ನಾಡಿಯ ಸದ್ದನ್ನು ಆಲಿಸಿ ಎರಡು ಅಂಕಿಗಳನ್ನು ಗೊತ್ತುಮಾಡುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತಿಳಿಸಿದನು. ಬೇರು ಹಳೆಯದು, ಅಳತೆ ಹೊಸದು. ಇವೆರಡೂ ಸಂಧಿಸಿದ ಮೇಲೆಯೇ ಔಷಧವು ಹುಟ್ಟಿತು.

ಆ ಸಂಧಿಯು ಒದಗಿದುದು ಕಲ್ಕತ್ತೆಯಲ್ಲಿ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಸರ್ಪಗಂಧಿಯು ಉನ್ಮಾದವನ್ನು ಶಮನಗೊಳಿಸುವುದಲ್ಲದೆ ರಕ್ತದೊತ್ತಡವನ್ನೂ ಇಳಿಸುವುದೆಂದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು 50 ಮಂದಿ ರೋಗಿಗಳಿಗೆ ಈ ಬೇರನ್ನು ಕೊಟ್ಟು, ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಅಚ್ಚುಮಾಡಿಸಿದರು. ಆಗ ಲೋಕವು ಇತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಬೇರಿನ ಸಾರವಾದ ರೆಸರ್ಪಿನ್ನನ್ನು ಬೇರ್ಪಡಿಸಿದರು. ರಕ್ತನಾಳಗಳನ್ನು ಬಿಗಿಹಿಡಿಯುವಂತೆ ನರತುದಿಗಳಿಂದ ಹೊರಡುವ ದ್ರವ್ಯದ ಸಂಗ್ರಹವನ್ನು ಅದು ಬರಿದುಮಾಡುವುದು. ಬಿಗಿ ಸಡಿಲಿದೊಡನೆ ಒತ್ತಡವೂ ತಗ್ಗುವುದು.

ಒತ್ತಡವನ್ನು ತಗ್ಗಿಸಿದರೆ ಜೀವವು ಉಳಿಯುವುದೇ ಎಂಬ ಪ್ರಶ್ನೆಗೆ 1967ರಲ್ಲಿ ಅಮೆರಿಕದಲ್ಲಿ ಉತ್ತರ ದೊರೆಯಿತು. ಕೆಳಗಿನ ಅಂಕಿಯು 115ರಿಂದ 129ರವರೆಗಿದ್ದ 143 ಮಂದಿ ಮಾಜಿ ಸೈನಿಕರಲ್ಲಿ ಕೆಲವರಿಗೆ ರೆಸರ್ಪಿನ್ ಸೇರಿದಂತೆ ಮೂರು ಮದ್ದುಗಳನ್ನೂ, ಉಳಿದವರಿಗೆ ಮದ್ದಿಲ್ಲದ ಗುಳಿಗೆಯನ್ನೂ ಕೊಟ್ಟರು. ಮದ್ದಿಲ್ಲದವರಲ್ಲಿ 27 ಮಂದಿಗೆ ಘೋರವಾದ ಆಪತ್ತು ಒದಗಿತು. ಮದ್ದು ಸೇವಿಸಿದವರಲ್ಲಿ ಇಬ್ಬರಿಗೆ ಮಾತ್ರ.

ಗುಣವುಳ್ಳ ಬೇರಿಗೆ ದೋಷವೂ ಉಂಟು. ಪ್ರಮಾಣ ಮಿಕ್ಕರೆ ರೆಸರ್ಪಿನ್ ಮನಸ್ಸನ್ನು ಖಿನ್ನತೆಗೆ ನೂಕುವುದು. ಆದುದರಿಂದ ಮೂತ್ರದೊಡನೆ ಉಪ್ಪನ್ನು ಹೊರಹಾಕುವ ಥಯಜೈಡ್, ನಾಳಗಳನ್ನು ಸಡಿಲಿಸುವ ಆಮ್ಲೋಡಿಪಿನ್ ಮೊದಲಾದವು ಅದರ ಸ್ಥಾನವನ್ನು ಹಿಡಿದವು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಪ್ಟೊಪ್ರಿಲ್ಲಿನ ಮೂಲವಂತೂ ಬ್ರೆಜಿಲಿನ ಹಾವೊಂದರ ವಿಷದ ಪರಿಶೋಧನೆ. ಹಾವಿಗೆ ಮದ್ದಾಗಿದ್ದ ಬೇರಿನಿಂದ ಮೊದಲಾದ ಕಥೆ ಹಾವಿನ ವಿಷವನ್ನೇ ಮದ್ದಿನ ದಾರಿಯಾಗಿಸಿಕೊಂಡಿತು.

ಅತ್ತ ಕಾಡಿನಲ್ಲಿ ಬೇರಿಗಾಗಿ ಗಿಡವನ್ನೇ ಕಿತ್ತುದರಿಂದ ಸರ್ಪಗಂಧಿಯು ವಿರಳವಾಯಿತು. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಇತ್ತ ಮನೆಗಳಲ್ಲಿ, ತಲೆನೋವಿಲ್ಲವೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸುವವರೂ, ನಾಟಿಬೇರು ನಿರಪಾಯವೆಂದು ಅಳತೆಯಿಲ್ಲದೆ ಸೇವಿಸುವವರೂ ಉಂಟು. ಇಬ್ಬರೂ ಮರೆಯುವುದು ಅಳತೆಯನ್ನೇ. ಹೊಸಪೇಟೆಯ ಗೃಹಸ್ಥನಿಗೆ ಒತ್ತಡವೇರಿದುದನ್ನು ತಿಳಿಸುವುದು ನೋವಲ್ಲ, ತೋಳಿನ ಪಟ್ಟಿ. ಮದ್ದನ್ನು ಹೆಚ್ಚಿಸುವುದಕ್ಕೂ ಬಿಡುವುದಕ್ಕೂ ವೈದ್ಯನ ಮಾತೇ ಪ್ರಮಾಣ. ಅಳತೆಯರಿತರೆ ವಿಷವೂ ಮದ್ದು, ಅಳತೆ ತಪ್ಪಿದರೆ ಮದ್ದೂ ವಿಷ.