ಬಾಗಿಲಿಗೇ ಬರುತ್ತಿದ್ದ ಮೇಕೆಗಳು

ನನ್ನ ಆಫೀಸಿನ ಗೆಳೆಯನೊಬ್ಬ ಕನಕಪುರದ ಕಡೆ ಅರ್ಧ ಎಕರೆ ತಗೊಂಡಿದ್ದಾನೆ. ಹೋದ ತಿಂಗಳು ನೋಡೋಕೆ ಕರೆದಿದ್ದ. ತೆಂಗಿನ ಸಸಿ, ಸಣ್ಣದೊಂದು ಶೆಡ್ಡು, ಶೆಡ್ಡಿನೊಳಗೆ ಎರಡು ಹಾಲು ಕೊಡೋ ಮೇಕೆ, ಅವುಗಳ ಮರಿ. ಅವನ ಮೂರು ವರ್ಷದ ಮಗಳು ಮರಿಯ ಕುತ್ತಿಗೆ ತಬ್ಬಿಕೊಂಡು ಕೂತಿದ್ದಳು. "ಮಗಾ, ಇನ್ಮೇಲೆ ಇವಳಿಗೆ ಪ್ಯಾಕೆಟ್ ಹಾಲು ಬಂದ್. ಕರೆದಿದ್ದನ್ನ ಹಂಗೇ ಹಸಿಯಾಗಿ ಕುಡಿಸ್ತೀನಿ. ಕಾಯಿಸಿದ್ರೆ ಸತ್ವ ಎಲ್ಲ ಹೋಗುತ್ತಂತೆ. ಗಾಂಧೀಜಿನೇ ಮೇಕೆ ಹಾಲು ಕುಡೀತಿದ್ರಲ್ವಾ?" ಅಂದ.

ಮೇಕೆ ಹಾಲಿನ ಬಗ್ಗೆ ನನಗೇನೂ ತಕರಾರಿಲ್ಲ. ನಾನು ಬೆಳೆದಿದ್ದೇ ಅದರಲ್ಲಿ. ಶಿರಾ ಕಡೆಯ ಬಯಲುಸೀಮೆ ನಮ್ಮದು. ಹಸು ಕಟ್ಟುವಷ್ಟು ಹುಲ್ಲೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಅಜ್ಜಿ ಮೂರು ಮೇಕೆ ಸಾಕಿದ್ದಳು. ಬೇಲಿ ಸೊಪ್ಪು ತಿಂದು ಅವು ಕೊಡುತ್ತಿದ್ದ ಒಂದೆರಡು ಲೋಟ ಹಾಲಲ್ಲೇ ಮನೆಯವರ ಟೀ, ಮಕ್ಕಳ ಹಾಲು ಎಲ್ಲ ಆಗಬೇಕಿತ್ತು. ಸ್ಕೂಲಲ್ಲಿ ಮಾತ್ರ "ನಮ್ಮನೇಲಿ ಹಸು ಹಾಲು" ಅಂತ ಸುಳ್ಳು ಹೇಳುತ್ತಿದ್ದೆ. ಈಗ ಅದೇ ಮೇಕೆ ಹಾಲನ್ನು ಬೆಂಗಳೂರಿನ ಅಂಗಡಿಯಲ್ಲಿ ಗಾಜಿನ ಬಾಟಲಿಯಲ್ಲಿ ನೋಡಿದರೆ ನಗು ಬರುತ್ತೆ. ಆದರೆ ಗೆಳೆಯ "ಹಸಿಯಾಗಿ" ಅಂದಾಗ ನಗು ಬರಲಿಲ್ಲ. ಅವನಿಗೆ ಮಾಲ್ಟಾದ ಕಥೆ ಹೇಳಿದೆ.

ಮಾಲ್ಟಾ ಮೆಡಿಟರೇನಿಯನ್ ಸಮುದ್ರದ ನಡುವಿನ ಪುಟ್ಟ ದ್ವೀಪ ದೇಶ. ಎಲ್ಲ ಸೇರಿಸಿದರೂ 316 ಚದರ ಕಿ.ಮೀ., ಅಂದರೆ ಬೆಂಗಳೂರು ನಗರದ ಅರ್ಧವೂ ಇಲ್ಲ. ಕಲ್ಲು ನೆಲ, ಕಡಿಮೆ ಮಳೆ, ಹಸು ಮೇಯೋಕೆ ಹುಲ್ಲಿಲ್ಲ. ಹಾಗಾಗಿ ನಮ್ಮ ಬಯಲುಸೀಮೆಯಂತೆ ಅಲ್ಲೂ ಬಡವರ ಹಾಲು ಅಂದರೆ ಮೇಕೆ ಹಾಲೇ. ಮೇಕೆಯವರು ಬೆಳಗ್ಗೆ ತಮ್ಮ ಮಂದೆ ಹೊಡೆದುಕೊಂಡು ಪಟ್ಟಣದೊಳಗೇ ಬರುತ್ತಿದ್ದರು. ಮನೆಯವರು ಪಾತ್ರೆ ಹಿಡಿದು ಬಾಗಿಲಿಗೆ ಬಂದರೆ ಅವರ ಕಣ್ಣೆದುರೇ ಕರೆದು ಕೊಡುತ್ತಿದ್ದರು. ನೀರು ಬೆರೆಸೋ ಮಾತೇ ಇಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ 'ಫಾರ್ಮ್ ಟು ಹೋಮ್', ಮಧ್ಯವರ್ತಿಯೇ ಇಲ್ಲದ ವ್ಯವಸ್ಥೆ. ಹಾಲು ಇನ್ನೂ ಬೆಚ್ಚಗಿರುತ್ತಿತ್ತು, ಹಂಗೇ ಕುಡಿಯುತ್ತಿದ್ದರು.

ಆಗ ಮಾಲ್ಟಾ ಬ್ರಿಟಿಷರ ಕೈಯಲ್ಲಿತ್ತು, ಅವರ ನೌಕಾಪಡೆಯ ದೊಡ್ಡ ನೆಲೆ. ಅಲ್ಲಿಗೆ ಬಂದ ಸೈನಿಕರಿಗೆ ಒಂದು ವಿಚಿತ್ರ ಜ್ವರ ಹಿಡಿಯುತ್ತಿತ್ತು. ಕೆಲವು ದಿನ ಏರುತ್ತೆ, ಇಳಿಯುತ್ತೆ, ವಾಸಿಯಾಯಿತು ಅನ್ನುವಾಗ ಮತ್ತೆ ಏರುತ್ತೆ. ರಾತ್ರಿ ಮೈಯೆಲ್ಲ ಬೆವರು, ಕೀಲುನೋವು, ಸುಸ್ತು. ಸಾಯೋರು ಕಡಿಮೆ. ಆದರೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳೋಕಾಗಲ್ಲ. ಹೆಸರೇ 'ಮಾಲ್ಟಾ ಜ್ವರ' ಅಂತಾಯಿತು.

1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ, ಸತ್ತ ಸೈನಿಕರ ಗುಲ್ಮದಿಂದ ಈ ಜ್ವರದ ರೋಗಾಣುವನ್ನು ಬೇರ್ಪಡಿಸಿದ. ಮುಂದೆ ಅವನ ನೆನಪಿಗೇ ಅದಕ್ಕೆ 'ಬ್ರುಸೆಲ್ಲಾ' ಎಂಬ ಹೆಸರು ಬಂತು. ಬಗ್ ಸಿಕ್ಕಿತು, ಆದರೆ ಎಲ್ಲಿಂದ ಒಳಗೆ ಬರ್ತಿದೆ ಅನ್ನೋದು ಗೊತ್ತಾಗಲಿಲ್ಲ. ಚರಂಡಿ ಇರಬಹುದು ಅಂದರು, ಧೂಳು ಅಂದರು, ಸೊಳ್ಳೆ ಅಂದರು. ಸಾಮಾನ್ಯ ಸಿಪಾಯಿಗಳಿಗಿಂತ ಅಧಿಕಾರಿಗಳಿಗೇ ಈ ಜ್ವರ ಹೆಚ್ಚು ಹಿಡಿಯುತ್ತಿತ್ತು. ಸುಳಿವು ಅಲ್ಲೇ ಇತ್ತು: ಹೆಚ್ಚು ಹಾಲು ಕುಡಿಯುತ್ತಿದ್ದವರು ಅಧಿಕಾರಿಗಳು. ಯಾರಿಗೂ ಹೊಳೆಯಲಿಲ್ಲ.

1904ರಲ್ಲಿ ಬ್ರೂಸ್ ನೇತೃತ್ವದಲ್ಲಿ ಒಂದು ಆಯೋಗ ಮಾಡಿದರು. ಅದರಲ್ಲಿ ತೆಮಿಸ್ಟೊಕ್ಲಿಸ್ ಝಮ್ಮಿಟ್ ಎಂಬ ಸ್ಥಳೀಯ ವೈದ್ಯನೂ ಇದ್ದ. 1905ರಲ್ಲಿ ಝಮ್ಮಿಟ್ ಪ್ರಯೋಗಕ್ಕೆಂದು ತಂದ ಮೇಕೆಗಳ ರಕ್ತ ಪರೀಕ್ಷಿಸಿದ. ಇನ್ನೂ ಸೋಂಕು ಕೊಟ್ಟೇ ಇರಲಿಲ್ಲ, ಆದರೂ ಬಹುಪಾಲು ಮೇಕೆಗಳ ರಕ್ತ ಆಗಲೇ ಸೋಂಕು ತೋರಿಸಿತು! ಆಮೇಲೆ ದ್ವೀಪದ ಮೇಕೆಗಳನ್ನೆಲ್ಲ ನೋಡುತ್ತಾ ಹೋದರೆ, ಸುಮಾರು ಅರ್ಧದಷ್ಟಕ್ಕೆ ಸೋಂಕು ತಗುಲಿತ್ತು, ಹತ್ತರಲ್ಲಿ ಒಂದರ ಹಾಲಲ್ಲಿ ಜೀವಂತ ರೋಗಾಣು. ಮೇಕೆಗಳು ಮಾತ್ರ ಗುಂಡುಗುಂಡಗೆ, ಚೆನ್ನಾಗಿ ಮೇಯ್ಕೊಂಡು, ಕೆಚ್ಚಲ ತುಂಬ ಹಾಲು ಕೊಟ್ಕೊಂಡು ಇದ್ದವು. ಅದಕ್ಕೇ ಅಷ್ಟು ವರ್ಷ ಯಾರೂ ಅವುಗಳ ಮೇಲೆ ಅನುಮಾನ ಪಟ್ಟಿರಲಿಲ್ಲ.

ಅದೇ ವರ್ಷ ಅರವತ್ತಕ್ಕೂ ಹೆಚ್ಚು ಮಾಲ್ಟಾ ಮೇಕೆಗಳನ್ನು 'ಜೋಶುವಾ ನಿಕೋಲ್ಸನ್' ಎಂಬ ಹಡಗಿಗೆ ಹತ್ತಿಸಿದರು. ಒಳ್ಳೆ ಹಾಲಿನ ತಳಿ ಅಂತ ಅಮೆರಿಕದವರು ಕೊಂಡಿದ್ದರು. ದಾರಿಯುದ್ದಕ್ಕೂ ಹಡಗಿನವರು ಪುಕ್ಕಟೆ ಹಾಲು ಹೊಟ್ಟೆ ತುಂಬ ಕುಡಿದರು. ಸ್ವಲ್ಪ ದಿನದಲ್ಲೇ ಒಬ್ಬೊಬ್ಬರಾಗಿ ಜ್ವರದಿಂದ ಮಲಗಿದರು. ಯಾರೂ ಬೇಕಂತ ಮಾಡಿದ ಪ್ರಯೋಗವಲ್ಲ, ಆದರೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ.

1906ರಲ್ಲಿ ಸೈನಿಕರ ಊಟದಿಂದ ಮೇಕೆ ಹಾಲನ್ನು ತೆಗೆದುಹಾಕಿದರು. 1905ರಲ್ಲಿ ಸೇನೆಯಲ್ಲೇ ಆರುನೂರಕ್ಕೂ ಹೆಚ್ಚು ಮಂದಿಗೆ ಬಂದಿದ್ದ ಜ್ವರ 1907ರ ಹೊತ್ತಿಗೆ ಬೆರಳೆಣಿಕೆಗೆ ಇಳಿಯಿತು. ಔಷಧಿಯಿಲ್ಲ, ಲಸಿಕೆಯಿಲ್ಲ. ಹಸಿ ಹಾಲು ನಿಲ್ಲಿಸಿದ್ದಷ್ಟೇ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಫಿಕ್ಸ್ ಸಿಕ್ಕಿದ್ದು ಸೈನಿಕರಿಗೆ ಮಾತ್ರ. ದ್ವೀಪದ ಜನ ಅದೇ ಹಾಲನ್ನೇ ಕುಡಿಯುತ್ತಿದ್ದರು. ಕಾಯಿಸಿದರೆ ರುಚಿ ಕೆಡುತ್ತೆ ಅನ್ನುವವರು ಕೆಲವರು. ಆರೋಗ್ಯವಾಗಿ ಕಾಣೋ ಮೇಕೆಯನ್ನು ಯಾಕೆ ಕೊಲ್ಲಬೇಕು ಅನ್ನುವವರು ಕೆಲವರು. ಮೇಕೆಯವರಿಗೆ ಹೊಟ್ಟೆಪಾಡು, ಅವರದ್ದೂ ತಪ್ಪಲ್ಲ. ಕೊನೆಗೆ ಹಾಲನ್ನು ಪಾಶ್ಚೀಕರಿಸಿ ಮಾರುವ ಕೇಂದ್ರ ಅಲ್ಲಿ ಶುರುವಾಗಿದ್ದು 1938ರಲ್ಲಿ. ಕಾರಣ ಗೊತ್ತಾಗಿ 33 ವರ್ಷವಾದ ಮೇಲೆ! ಅಷ್ಟು ವರ್ಷವೂ ಜ್ವರ ಮನೆಮನೆಯಲ್ಲಿ ಇದ್ದೇ ಇತ್ತು.

ಇದೆಲ್ಲ ಹೇಳುವಾಗ ನನಗೆ ಚಿಕ್ಕಪ್ಪ ನೆನಪಾಗುತ್ತಿದ್ದ. ನಾನು ಆರನೇ ಕ್ಲಾಸಲ್ಲಿದ್ದಾಗ ಅವನಿಗೆ ನಾಲ್ಕೈದು ತಿಂಗಳು ಜ್ವರ. ಬರೋದು, ಹೋಗೋದು. ಟೈಫಾಯ್ಡ್ ಅಂದರು, ಮಲೇರಿಯಾ ಅಂದರು. ಒಂದು ಮೇಕೆ ಮಾರಿ ಆಸ್ಪತ್ರೆಗೆ ಕಟ್ಟಿದರು. ಬೆಳಗಿನ ಜಾವ ಕೆಚ್ಚಲಿಂದ ನೇರವಾಗಿ ಬಾಯಿಗೆ ಹಾಲು ಹಿಂಡಿಕೊಂಡು ಕುಡಿಯೋದು ಅವನ ಅಭ್ಯಾಸ. ಅಜ್ಜಿ ಎಷ್ಟು ಬೈದರೂ ಬಿಡುತ್ತಿರಲಿಲ್ಲ. ಅದು ಇದೇ ಜ್ವರವಾಗಿತ್ತು ಅಂತ ನಾನು ಹೇಳೋಕಾಗಲ್ಲ, ಆ ಪರೀಕ್ಷೆಯನ್ನು ಯಾರೂ ಮಾಡಿಸಲೇ ಇಲ್ಲ. ಆದರೆ ಯಾವ ಡಾಕ್ಟರೂ "ಮನೇಲಿ ಮೇಕೆ ಇದೆಯಾ?" ಅಂತ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಚಿಕ್ಕಪ್ಪ ಸುಧಾರಿಸಿಕೊಂಡ, ಆದರೆ ಆ ವರ್ಷ ಬಿತ್ತನೆಯೇ ಆಗಲಿಲ್ಲ.

ಈ ರೋಗ ನಮ್ಮ ದೇಶದಲ್ಲಿ ಇವತ್ತಿಗೂ ಇದೆ. ಅದಕ್ಕೇ ಗೆಳೆಯನಿಗೆ ಹೇಳಿದ್ದು: ಮೇಕೆ ಸಾಕು, ಖಂಡಿತ ಸಾಕು. ತರೋ ಮೊದಲು ಪಶುವೈದ್ಯರ ಹತ್ತಿರ ರಕ್ತ ಪರೀಕ್ಷೆ ಮಾಡಿಸು. ದಿನ ತುಂಬೋ ಮೊದಲೇ ಕಂದು ಹಾಕಿದರೆ ಹುಷಾರಾಗು, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡ. ಜ್ವರ ಬಂದು ಬಂದು ಹೋಗ್ತಿದ್ದರೆ ಮನೇಲಿ ಮೇಕೆ ಇದೆ ಅಂತ ಡಾಕ್ಟರಿಗೆ ನೀನೇ ಬಾಯಿಬಿಟ್ಟು ಹೇಳು. ಹಾಲು ಕಾಯಿಸು. 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು ಈ ರೋಗಾಣು ಸಾಯೋಕೆ, ಒಂದು ಕುದಿ ಬಂದರೆ ಅದಕ್ಕಿಂತ ಹೆಚ್ಚೇ ಆಯಿತು. ಒಂದೆರಡು ವಿಟಮಿನ್ ಸ್ವಲ್ಪ ಕಡಿಮೆಯಾಗಬಹುದು. ಪ್ರೋಟೀನು, ಕ್ಯಾಲ್ಸಿಯಂ ಎಲ್ಲೂ ಹೋಗಲ್ಲ.

ನಮ್ಮಜ್ಜಿಗೆ ಬ್ರೂಸೂ ಗೊತ್ತಿರಲಿಲ್ಲ, ಝಮ್ಮಿಟ್ಟೂ ಗೊತ್ತಿರಲಿಲ್ಲ. ಹಾಲು ಮೂರು ಸಲ ಉಕ್ಕಿ ಬರೋವರೆಗೂ ಒಲೆ ಮುಂದಿಂದ ಏಳುತ್ತಿರಲಿಲ್ಲ. "ಯಾಕಜ್ಜಿ ಮೂರು ಸಲ?" ಅಂತ ಕೇಳಿದರೆ "ನಮ್ಮವ್ವ ಹಂಗೇ ಮಾಡ್ತಿದ್ಲು ಕಣೋ ಮಗ" ಅನ್ನೋಳು. ಆಗ ನನಗದು ಉತ್ತರ ಅನ್ನಿಸಿರಲಿಲ್ಲ.

ಮೊನ್ನೆ ಗೆಳೆಯ ಫೋಟೋ ಕಳಿಸಿದ್ದ. ಮಗಳ ಕೈಯಲ್ಲಿ ಸ್ಟೀಲ್ ಲೋಟ, ಮೂತಿಗೆ ಹಾಲಿನ ಮೀಸೆ. ಕೆಳಗೆ ಒಂದೇ ಸಾಲು: "ಕಾಯಿಸಿದ್ದೇ ಮಗಾ, ಮೂರು ಉಕ್ಕು."