ಬಿಟ್‌ಕಾಯಿನ್ ಕೋರ್
ಬಿಟ್‌ಕಾಯಿನ್ ಕೋರ್ ಎಂಬುದು ಬಿಟ್‌ಕಾಯಿನ್ ಜಾಲದ ನೋಡ್‌ಗಳನ್ನು ನಡೆಸುವ ಮುಕ್ತ ತಂತ್ರಾಂಶ. ಪ್ರತಿ ನೋಡ್ ವಹಿವಾಟುಗಳ ಕಂತೆಯನ್ನು, ಅಂದರೆ ಬ್ಲಾಕನ್ನು, ತಾನೇ ಪರಿಶೀಲಿಸುತ್ತದೆ. ಎಲ್ಲ ನೋಡ್‌ಗಳ ತೀರ್ಪೂ ಒಂದೇ ಆಗಿರಬೇಕಾದ್ದರಿಂದ ಇದರ ದೋಷಗಳನ್ನು ತಿದ್ದುವುದು ಸೂಕ್ಷ್ಮವಾದ ಕೆಲಸ.

2013ರ ಮಾರ್ಚ್‌ನಲ್ಲಿ 0.8 ಆವೃತ್ತಿಯು ಒಪ್ಪಿದ ದೊಡ್ಡ ಬ್ಲಾಕೊಂದನ್ನು (ಸಂಖ್ಯೆ 2,25,430) ಹಳೆಯ ಆವೃತ್ತಿಗಳು ತಮ್ಮ ದತ್ತಸಂಚಯದ ಮಿತಿಯಿಂದಾಗಿ ತಿರಸ್ಕರಿಸಿದವು. ಸರಪಳಿ ಎರಡಾಗಿ ಕವಲೊಡೆಯಿತು. ದೋಷವಿದ್ದದ್ದು ಹಳೆಯ ಆವೃತ್ತಿಯಲ್ಲಿ. ಆದರೆ ಬಹಳಷ್ಟು ಬಳಕೆದಾರರು ಅದನ್ನೇ ನಡೆಸುತ್ತಿದ್ದುದರಿಂದ ಆ ದೋಷವೇ ಯಾರ ಅರಿವಿಗೂ ಬಾರದೆ ನಿಯಮವಾಗಿಬಿಟ್ಟಿತ್ತು. ಅಭಿವೃದ್ಧಿಕಾರರ ಕೋರಿಕೆಯಂತೆ ಪ್ರಮುಖ ಗಣಿಗಾರರು 0.7ಕ್ಕೆ ಮರಳಿದರು, 24 ಬ್ಲಾಕ್‌ಗಳ ಹೊಸ ಕವಲನ್ನು ಕೈಬಿಡಲಾಯಿತು. ಅದರಲ್ಲಿ ದೃಢಪಟ್ಟಿದ್ದ ಸುಮಾರು 10,000 ಡಾಲರ್ ಮೌಲ್ಯದ ಪಾವತಿಯೊಂದರ ಹಣ ಎರಡನೆಯ ಬಾರಿ ಖರ್ಚಾಯಿತು. ಮುಂದೆ 0.8.1 ಆವೃತ್ತಿಯು ಹಳೆಯ ಮಿತಿಯನ್ನು 2013ರ ಮೇ 15ರವರೆಗೆ ಬೇಕೆಂದೇ ಪಾಲಿಸಿ, ಬಳಕೆದಾರರಿಗೆ ಆವೃತ್ತಿ ಬದಲಿಸಿಕೊಳ್ಳಲು ಕಾಲಾವಕಾಶ ನೀಡಿತು.