ಸೀಟು ಸಿಗೋ ಚಾನ್ಸ್ 40%. ಯಾರ ಬಗ್ಗೆ ಹೇಳಿದ್ದು?

1/5
ಸಿಇಟಿ ರ‍್ಯಾಂಕ್ ಬಂದ ರಾತ್ರಿ. ಬ್ಯಾಡರಹಳ್ಳಿಯ ಮನೇಲಿ ಕೂತು ಒಂದು ಆ್ಯಪಲ್ಲಿ ರ‍್ಯಾಂಕ್ ಹಾಕ್ದೆ. ನನಗಿಷ್ಟವಾದ ಕಾಲೇಜಿಗೆ "ಸಾಧ್ಯತೆ 40%" ಅಂತ ಬಂತು. "ಸಿಗಲ್ಲ ಬಿಡು" ಅಂತ ಆಪ್ಷನ್ ಲಿಸ್ಟಿಂದಾನೇ ತೆಗೆದುಬಿಟ್ಟೆ. ಕಟಾಫ್ ಬಂದಾಗ ನೋಡಿದ್ರೆ ನನ್ನ ರ‍್ಯಾಂಕಿಗೆ ಸೀಟಿತ್ತು! ಆ್ಯಪ್ ಸುಳ್ಳು ಹೇಳಿರ್ಲಿಲ್ಲ. 40% ಅಂದ್ರೆ "ಇಲ್ಲ" ಅಂತ ಓದ್ಕೊಂಡಿದ್ದು ನಾನು.

2/5
ಹಾಗಾದ್ರೆ 40% ಅಂದ್ರೆ ಏನು? ಇದು ಹಳೇ ಜಗಳ. 1866ರಲ್ಲಿ ಇಂಗ್ಲೆಂಡಿನ ಜಾನ್ ವೆನ್ (ಹೌದು, ವೆನ್ ಚಿತ್ರದವರೇ) ಸಂಭವನೀಯತೆ ಅನ್ನೋದು ಗುಂಪಿನ ಲೆಕ್ಕ ಅಂದ್ರು: ನಿನ್ನಂಥ 100 ಜನರಲ್ಲಿ ಸುಮಾರು 40 ಜನಕ್ಕೆ ಸಿಗುತ್ತೆ. ಆದರೆ "ನಿನ್ನಂಥವರು" ಯಾರು? ಅದೇ ರ‍್ಯಾಂಕಿನವರಾ, ಅದೇ ಕೆಟಗರಿಯವರಾ? ಗುಂಪು ಬದಲಾದ್ರೆ ಸಂಖ್ಯೆಯೂ ಬದಲಾಗುತ್ತೆ. ರಿಚರ್ಡ್ ಫಾನ್ ಮಿಸೆಸ್ 1928ರಲ್ಲಿ ಇನ್ನೂ ಮುಂದೆ ಹೋಗಿ, ಒಬ್ಬನೇ ವ್ಯಕ್ತಿಗೆ ಈ ಸಂಖ್ಯೆ ಅನ್ವಯಿಸೋದೇ ಇಲ್ಲ ಅಂದ್ರು.
ಇದಕ್ಕೆ ಎದುರಾಗಿ, 23ರ ಹುಡುಗ ಫ್ರಾಂಕ್ ರಾಮ್ಸೆ 1926ರಲ್ಲಿ ಬರೆದ: ಸಂಭವನೀಯತೆ ಅಂದ್ರೆ ನಮ್ಮ ನಂಬಿಕೆಯ ಅಳತೆ. ನಾವು ಎಷ್ಟರ ಮೇಲೆ ಬಾಜಿ ಕಟ್ತೀವಿ ಅನ್ನೋದರಲ್ಲಿ ಅದು ಕಾಣುತ್ತೆ.

3/5
ಈಗ ನಮ್ಮೂರ ಕಡೆ ಬನ್ನಿ. ಶ್ರವಣಬೆಳಗೊಳವೂ ಸೇರಿ ಕರ್ನಾಟಕದ ಎಷ್ಟೋ ಜೈನ ಶಾಸನಗಳು ಶುರುವಾಗೋದೇ "ಸ್ಯಾದ್ವಾದ"ವನ್ನು ಹೊಗಳೋ ಒಂದು ಸಂಸ್ಕೃತ ಶ್ಲೋಕದಿಂದ. ಇದೆ, ಇಲ್ಲ, ಇದೆ-ಇಲ್ಲ ಎರಡೂ, ಹೇಳಲಾಗದು (ಅವಕ್ತವ್ಯ)... ಹೀಗೆ ಏಳು ಬಗೆಯ ಮಾತು, ಪ್ರತಿಯೊಂದಕ್ಕೂ ಮೊದಲು "ಸ್ಯಾತ್". 1954ರಲ್ಲಿ ಪಿ. ಸಿ. ಮಹಲನೋಬಿಸ್ ಈ ಅವಕ್ತವ್ಯದಲ್ಲೇ ಸಂಭವನೀಯತೆಯ ತಾತ್ವಿಕ ಬೇರು ಕಾಣುತ್ತೆ ಅಂತ ಬರೆದರು. 1957ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಕೂಡ ಸ್ಯಾದ್ವಾದದ ಮೇಲೆ ಬರೆದರು.
ಒಂದು ಎಚ್ಚರ: ಇಲ್ಲಿ "ಸ್ಯಾತ್" ಅಂದ್ರೆ "ಬಹುಶಃ" ಅಲ್ಲ, "ಒಂದು ದೃಷ್ಟಿಯಿಂದ" ಅಂತ. ಆದ್ದರಿಂದ ಎರಡೂ ಒಂದೇ ಅನ್ನೋ ಹಾಗಿಲ್ಲ. ಆದರೆ ನಾನು ಅವತ್ತು ಕೇಳ್ದೇ ಬಿಟ್ಟ ಪ್ರಶ್ನೆ ಅದೇ: ಯಾವ ದೃಷ್ಟಿಯಿಂದ 40%?

4/5
ಮಹಲನೋಬಿಸ್ 1931ರಲ್ಲಿ ಕಲ್ಕತ್ತಾದಲ್ಲಿ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ಇರೋದು ನಮ್ಮ ಮೈಸೂರು ರೋಡಲ್ಲೇ. ಆ ಸಂಸ್ಥೆಯಲ್ಲಿ ಬೆಳೆದವರು ಸಿ. ಆರ್. ರಾವ್. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಅವರ 1945ರ ಪ್ರಬಂಧವನ್ನು ಇವತ್ತಿಗೂ ಜಗತ್ತಿನಾದ್ಯಂತ ಪಾಠ ಮಾಡ್ತಾರೆ. ಅವರು ಒತ್ತಿ ಹೇಳ್ತಿದ್ದ ವಿಚಾರ: ಅರಿವು ಅನಿಶ್ಚಿತವಾಗಿದ್ರೂ ಪರವಾಗಿಲ್ಲ. ಎಷ್ಟು ಅನಿಶ್ಚಿತ ಅಂತ ಗೊತ್ತಾದ್ರೆ ಅದನ್ನ ಬಳಸಬಹುದು.

5/5
ನನ್ನ ಹತ್ರ ಆ "ಎಷ್ಟು" ಇತ್ತು. ಬಳಸೋದು ಗೊತ್ತಿರ್ಲಿಲ್ಲ. ಲಿಸ್ಟಲ್ಲಿ ಆ ಕಾಲೇಜನ್ನ ಮೇಲೆ ಇಟ್ಟಿದ್ರೆ ಕಳ್ಕೊಳ್ಳೋದು ಏನೂ ಇರ್ಲಿಲ್ಲ.
ಈ ವರ್ಷ ಆಪ್ಷನ್ ಎಂಟ್ರಿ ಮಾಡೋರು ಇದನ್ನ ಸೇವ್ ಮಾಡ್ಕೊಳ್ಳಿ. ಯಾರಾದ್ರೂ ಪರ್ಸೆಂಟ್ ಹೇಳಿದ್ರೆ ಮೊದಲು ಕೇಳಿ: ಯಾರ ಗುಂಪಿನ ಲೆಕ್ಕ? ತಪ್ಪಾದ್ರೆ ನನಗೇನು ನಷ್ಟ?
ನೀವೂ ಹೀಗೆ ಒಂದು ಪರ್ಸೆಂಟ್ ನೋಡಿ ಏನಾದ್ರೂ ಕೈ ಬಿಟ್ಟಿದ್ದೀರಾ? ಕಾಮೆಂಟಲ್ಲಿ ಹೇಳಿ.